ಅಮ್ಮ, ಪಕ್ಕದ್ಮನೆ ಅಜ್ಜಿ ಮತ್ತೆ ಒಂದು ಹಳೇ ಕಾರ್ಡು

ಅಮ್ಮ ಆರು ತಿಂಗಳಿಗೆ ಅಂತ ಬ್ರಿಟನ್ನಿನ ವೇಲ್ಸ್‌ನಲ್ಲಿರೋ ಕಾರ್ಡಿಫ್‌ಗೆ, ನಮ್ಮನೆಗೆ ಬಂದಿದ್ದಾಗ ಒಂದಿನ ಮಗಳನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ವಿ, ಅಲ್ಲಿ ಗೋಡೆ ಮೇಲೆ ಅಂಗದಾನದ ಪೋಸ್ಟರ್ ಇತ್ತು, ಏನದು ಅಂದ್ಲು, ವೇಲ್ಸ್‌ನಲ್ಲಿ 2015ರ ಡಿಸೆಂಬರಿಂದ ಕಾನೂನೇ ಹಂಗಮ್ಮ, ಬೇಡ ಅಂತ ಬರೆಸಿಲ್ದಿದ್ರೆ ಒಪ್ಪಿಗೆ ಇದೆ ಅಂತಾನೇ ಲೆಕ್ಕ ಅಂತ ಹೇಳ್ಬಿಟ್ಟೆ. ಅಮ್ಮನ ಮುಖ ಇಳಿದೋಯ್ತು. "ಹಂಗಾದ್ರೆ ನಾನು ಇಲ್ಲೇ ಹೋಗ್ಬಿಟ್ರೆ ನನ್ನೂ ಕೊಯ್ತಾರೇನೇ?"

ಇಲ್ಲಮ್ಮ, 18 ದಾಟಿರ್ಬೇಕು, ಒಂದು ವರ್ಷಕ್ಕಿಂತ ಜಾಸ್ತಿ ಇಲ್ಲೇ ವಾಸ ಇರ್ಬೇಕು, ಅಷ್ಟಾದ್ರೂ ಮನೆಯವ್ರ ಹತ್ರ ಮಾತಾಡ್ದೆ ಮುಂದುವರಿಯಲ್ಲ ಅಂದೆ. ಅಮ್ಮ ಮಾತಾಡ್ಲಿಲ್ಲ.

ಆ ವಾರ ಪಕ್ಕದ್ಮನೆ ಅಜ್ಜಿ ಟೀಗೆ ಬಂದಿದ್ರು, 84 ವರ್ಷ. ಈ ವಿಷ್ಯ ಎತ್ತಿದ್ದಕ್ಕೆ ಪರ್ಸಿಂದ ಒಂದು ಹಳೇ ಡೋನರ್ ಕಾರ್ಡ್, ಅಂದ್ರೆ ಅಂಗದಾನಕ್ಕೆ ಒಪ್ಪಿಗೆ ಅಂತ ಬರೆದಿಟ್ಕೊಳ್ಳೋ ಚೀಟಿ, ತೆಗೆದ್ರು, ಮಡಿಕೆ ಜಾಗ ಸವೆದು ಬಿಳಿಯಾಗಿತ್ತು, ಗಂಡನ ಸಹಿ ಅರ್ಧ ಅಳಿಸಿತ್ತು. ಈಗ ಎಲ್ಲಾ ಕಂಪ್ಯೂಟರಲ್ಲೇ ಇರುತ್ತೆ, ಆದ್ರೂ ಎಸೆದಿಲ್ಲ. "ಈ ವಯಸ್ಸಲ್ಲಿ ನನ್ನದು ಯಾರಿಗೆ ಬೇಕು ಹೇಳು" ಅಂದ್ರು. ಅದನ್ನ ಕನ್ನಡದಲ್ಲಿ ಹೇಳಿದ್ರೆ ಅಮ್ಮ, "ನಾನೂ ಅದನ್ನೇ ಅನ್ಕೊಂಡಿದ್ದೆ, ಪೊರೆ ಆಪರೇಷನ್ ಬೇರೆ ಆಗಿದೆ" ಅಂದ್ಲು.

ಇಬ್ರೂ ಅನ್ಕೊಂಡಿದ್ದು ತಪ್ಪು. ಹೆಸ್ರು ಬರೆಸೋಕೆ ಇಲ್ಲಿ ವಯಸ್ಸಿನ ಮಿತಿ ಇಲ್ಲ, ಯಾವುದು ಉಪಯೋಗಕ್ಕೆ ಬರುತ್ತೆ ಅಂತ ಆವಾಗ ಡಾಕ್ಟರ್ ನೋಡ್ತಾರೆ. ಪೊರೆ ತೆಗೆಸಿದ್ರೂ ಕನ್ನಡಕ ಇದ್ರೂ ಕಣ್ಣು ಕೊಡಬಹುದು, ಬೇಕಾಗೋದು ಕಾರ್ನಿಯಾ, ಅಂದ್ರೆ ಕಣ್ಣಿನ ಮುಂದಿರೋ ಪಾರದರ್ಶಕ ಪದರ, ಪೊರೆ ಬರೋದು ಅದರ ಹಿಂದಿರೋ ಮಸೂರಕ್ಕೆ.

ಅಜ್ಜಿ ಹೋದ್ಮೇಲೆ ಲೋಟ ತೊಳೀತಾ ಅಮ್ಮ ತಾನಾಗೇ ಶುರು ಮಾಡಿದ್ಲು. 2006ರಲ್ಲಿ ಅಣ್ಣಾವ್ರು ಹೋದಾಗ ಅವ್ರ ಕಣ್ಣು ದಾನ ಮಾಡಿದ್ದನ್ನ ಟೀವೀಲಿ ನೋಡಿ ಅಪ್ಪ, "ನಮ್ದೂ ಹಂಗೇ ಕೊಟ್ಬಿಡ್ಬೇಕು ಕಣೇ" ಅಂದಿದ್ರಂತೆ. ಅಪ್ಪ ತೀರ್ಕೊಂಡ ದಿನ ಅಮ್ಮಂಗೆ ಅದು ನೆನಪಾಗಿದೆ. ಆದ್ರೆ ಮನೆ ತುಂಬಾ ಜನ, ದೊಡ್ಡತ್ತೆ ತಲೆ ಹತ್ರಾನೇ ಕೂತಿದ್ರು, ಮುಂದಿನ ಜನ್ಮಕ್ಕೆ ಕುರುಡಾಗಿ ಹುಟ್ತಾನೆ ಅಂದ್ಬಿಟ್ರೆ ಅಂತ ಬಾಯೇ ಬಿಡ್ಲಿಲ್ವಂತೆ. ನನಗೆ ಅಳು ತಡೆಯೋಕಾಗ್ಲಿಲ್ಲ. ವಯಸ್ಸಾದೋರು ಒಪ್ಪಲ್ಲ ಅಂತ ನಾನೇ ತೀರ್ಮಾನ ಮಾಡ್ಕೊಂಡು ಇಷ್ಟು ವರ್ಷದಲ್ಲಿ ಒಂದ್ಸಲಾನೂ ಕೂತು ಕೇಳಿರ್ಲಿಲ್ಲ.

ಅವತ್ತು ರಾತ್ರಿ ಕೇಳಿದ್ದಕ್ಕೆಲ್ಲ ಉತ್ರ ಹೇಳಿದೆ. ಊರಲ್ಲಾದ್ರೆ ಆರು ಗಂಟೆ ಒಳಗೆ ಕಣ್ಣಿನ ಬ್ಯಾಂಕಿನವ್ರು ಬರ್ಬೇಕು, ಅಲ್ಲೀವರೆಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡ್ಬೇಕು, ಫ್ಯಾನ್ ಹಾಕ್ಬಾರ್ದು, ಮುಖ ವಿಕಾರ ಆಗಲ್ಲ, ಕಾರ್ಯ ಎಲ್ಲಾ ಮಾಮೂಲಿನಂಗೇ ಮಾಡಬಹುದು.

ಬೆಳಿಗ್ಗೆ ಎದ್ದು ಬರೋಷ್ಟರಲ್ಲಿ ಅಮ್ಮ ತುಮಕೂರಿಗೆ ಅಣ್ಣಂಗೆ ಫೋನ್ ಹಚ್ಚಿದ್ಲು. "ಯಾರು ಏನೇ ಅನ್ಲಿ, ನಾನೇ ಹೇಳಿದ್ದೀನಿ ಅನ್ನು. ಬರ್ಕೊಂಡ್ಯಾ? ಮೊದ್ಲು ಫ್ಯಾನ್ ಆಫ್ ಮಾಡು."