ಹ್ಯೂಸ್ಟನ್‌ನಿಂದ: ರಾಕೆಟ್ಟಿನ ಲೆಕ್ಕದಲ್ಲಿ ಹೃದಯದ ಪಂಪು

ಹ್ಯೂಸ್ಟನ್ ಅಂದರೆ ಊರಲ್ಲಿ ಎಲ್ಲರೂ ನಾಸಾ ಬಗ್ಗೆಯೇ ಕೇಳುತ್ತಾರೆ. ಆದರೆ ಹೃದಯದ ವಿಷಯದಲ್ಲೂ ಇದು ದೊಡ್ಡ ಊರು. 1969ರಲ್ಲಿ ಹೃದಯ ಶಸ್ತ್ರಚಿಕಿತ್ಸಕ ಡೆಂಟನ್ ಕೂಲಿ ಮೊದಲ ಸಲ ಮನುಷ್ಯನ ಎದೆಗೆ ಪೂರ್ತಿ ಕೃತಕ ಹೃದಯ ಜೋಡಿಸಿದ್ದು ಇಲ್ಲೇ. ಇಲ್ಲಿ ನನ್ನ ಕೆಲಸ, ಇಂಥ ಪಂಪುಗಳ ಒಳಗೆ ರಕ್ತ ಹೇಗೆ ಹರಿಯುತ್ತದೆ ಅಂತ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವುದು.

ನಾಸಾ ಎಂಜಿನಿಯರ್ ಡೇವಿಡ್ ಸಾಸಿಯರ್‌ಗೆ 1984ರಲ್ಲಿ ಹೃದಯ ಕಸಿ ಆಯಿತು. ಚೇತರಿಸಿಕೊಂಡ ಮೇಲೆ ಅವರು ವೈದ್ಯ ಮೈಕೆಲ್ ಡಿಬೇಕಿ ತಂಡದ ಜೊತೆ ಸೇರಿ, ಸೋತ ಹೃದಯಕ್ಕೆ ನೆರವಾಗುವ ಪುಟ್ಟ ಪಂಪು ಮಾಡಲು ಹೊರಟರು. ಪಂಪು ಓಡಿತು. ಆದರೆ ಕೆಂಪು ರಕ್ತಕಣ ಒಡೆಯುತ್ತಿತ್ತು, ರಕ್ತ ಹೆಪ್ಪುಗಟ್ಟುತ್ತಿತ್ತು. ಆಗ ನಾಸಾದ ಏಮ್ಸ್ ಕೇಂದ್ರದವರು ಸ್ಪೇಸ್ ಶಟಲ್ ಎಂಜಿನ್ನಿನ ಇಂಧನ ಪಂಪಿಗೆಂದು ಬೆಳೆಸಿದ್ದ ಲೆಕ್ಕವನ್ನೇ ಸೂಪರ್ ಕಂಪ್ಯೂಟರ್‌ನಲ್ಲಿ ಇದಕ್ಕೂ ಹಚ್ಚಿದರು. ಮುಖ್ಯ ರೆಕ್ಕೆಗಳ ಮುಂದೆ ಇನ್ನೊಂದು ಸುತ್ತು ರೆಕ್ಕೆ ಬಂತು. ಕಣ ಒಡೆಯುವುದು ಬಹಳ ಇಳಿಯಿತು. 1998ರಲ್ಲಿ ಯುರೋಪಿನಲ್ಲಿ ಅದನ್ನು ಮೊದಲ ರೋಗಿಗೆ ಜೋಡಿಸಿದರು. ತೂಕ ಸುಮಾರು 100 ಗ್ರಾಂ ಅಷ್ಟೇ!

ನನ್ನ ಪರದೆಯ ಮೇಲೂ ಇವತ್ತಿಗೂ ಅದೇ ಎರಡು ಶತ್ರುಗಳು: ಕಣ ಒಡೆಯುವುದು, ರಕ್ತ ಹೆಪ್ಪುಗಟ್ಟುವುದು. ಪಂಪಿನ ಒಳಗಿನ ಜಾಗವನ್ನು ಲಕ್ಷಗಟ್ಟಲೆ ಸಣ್ಣ ಚೂರು ಮಾಡಿ, ಪ್ರತಿ ಚೂರಿನಲ್ಲೂ ಒತ್ತಡ, ವೇಗ ಲೆಕ್ಕ ಹಾಕುತ್ತೇವೆ. ಉತ್ತರ ಪರದೆಯ ಮೇಲೆ ಬಣ್ಣಗಳಾಗಿ ಕಾಣುತ್ತದೆ. ರೆಕ್ಕೆಯ ತುದಿಗೂ ಗೋಡೆಗೂ ನಡುವಿನ ಸಂದು ಕೆಂಪಗೆ ಕಂಡರೆ, ಅಲ್ಲಿ ರಕ್ತಕಣದ ಮೇಲೆ ಎಳೆತ ಜಾಸ್ತಿ, ಕಣ ಒಡೆಯಬಹುದು. ಮೂಲೆಯಲ್ಲಿ ನೀಲಿ ಕಂಡರೆ ಅಲ್ಲಿ ರಕ್ತ ನಿಂತಿದೆ, ಹೆಪ್ಪುಗಟ್ಟಬಹುದು. ಸಂದು ಅಗಲ ಮಾಡಿದರೆ ಎಳೆತ ಕಡಿಮೆಯಾಗುತ್ತದೆ, ಆದರೆ ರಕ್ತ ಹಿಂದಕ್ಕೆ ಸೋರಿ ಪಂಪಿನ ಬಲ ಕುಗ್ಗುತ್ತದೆ. ಮೂಲೆಯನ್ನು ಕೂದಲೆಳೆಯಷ್ಟು ದುಂಡಗೆ ಮಾಡಿದರೆ ನೀಲಿ ಹೋಗುತ್ತದೆ, ಇನ್ನೆಲ್ಲೋ ಕೆಂಪು ಏಳುತ್ತದೆ. ಲೋಹ ಕೊರೆಯುವ ಮೊದಲೇ ಇದೆಲ್ಲ ಕಣ್ಣಿಗೆ ಬೀಳುತ್ತದೆ. ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾಗುವುದು ಅದೇ.

2024ರ ಜುಲೈನಲ್ಲಿ ಇದೇ ಊರಿನಲ್ಲಿ ಬೈವಾಕೋರ್ ಎಂಬ ಟೈಟಾನಿಯಂ ಹೃದಯವನ್ನು ಮೊದಲ ಸಲ ಒಬ್ಬರಿಗೆ ಜೋಡಿಸಿದರು. ಆಸ್ಟ್ರೇಲಿಯಾದ ಎಂಜಿನಿಯರ್ ಡೇನಿಯಲ್ ಟಿಮ್ಸ್ ರೂಪಿಸಿದ್ದು. ಅದರಲ್ಲಿ ತಿರುಗುವ ಭಾಗ ಒಂದೇ, ಅದೂ ಅಯಸ್ಕಾಂತದ ಬಲದಲ್ಲಿ ಎಲ್ಲೂ ತಾಗದೆ ತೇಲುತ್ತದೆ. ಉಜ್ಜಿ ಸವೆಯುವ ಭಯವಿಲ್ಲ. 8 ದಿನದ ನಂತರ ಆ ರೋಗಿಗೆ ದಾನಿಯ ಹೃದಯ ಸಿಕ್ಕಿತು. ಮುಂದೆ ಸಿಡ್ನಿಯಲ್ಲಿ ಒಬ್ಬರು ಇದೇ ಹೃದಯ ಇಟ್ಟುಕೊಂಡು ಆಸ್ಪತ್ರೆಯಿಂದ ಹೊರಗೆ ಬಂದರು, 100 ದಿನಕ್ಕೂ ಹೆಚ್ಚು ಬದುಕಿ ಕಸಿಗೆ ಕಾದರು.

ಇದನ್ನು ಫೋನಿನಲ್ಲಿ ಹೇಳಿದಾಗ ಅಮ್ಮ ಕೇಳಿದರು, “ತಿರುಗೋದು ಸರಿ ಕಣೋ, ನಾಡಿ ಬಡಿಯುತ್ತಾ?” ಒಳ್ಳೆಯ ಪ್ರಶ್ನೆ ಅಲ್ವಾ? ಒಂದೇ ಸಮನೆ ತಿರುಗುವ ಪಂಪಿನಲ್ಲಿ ನಾಡಿ ಸಿಗುವುದೇ ಕಷ್ಟ. ಬೈವಾಕೋರ್‌ನಲ್ಲಿ ತಿರುಗುವ ವೇಗವನ್ನು ಏರಿಸಿ ಇಳಿಸಿ ಬಡಿತ ತರಬಹುದು.

ಎಳೆತದ ಲೆಕ್ಕ ಈಗ ಕೈಗೆ ಬಂದಿದೆ. ಹೆಪ್ಪುಗಟ್ಟುವುದು ಹಾಗಲ್ಲ. ಅದರಲ್ಲಿ ಹರಿವಿನ ಜೊತೆ ರಕ್ತದ ರಸಾಯನವೂ, ಲೋಹದ ಮೈಯೂ ಸೇರುತ್ತವೆ. ಹಾಗಾಗಿ ಪರದೆಯ ಮೇಲೆ ಗೆದ್ದ ಪಂಪನ್ನೂ ನಿಜವಾದ ರಕ್ತ ಹರಿಸಿ ನೋಡಲೇಬೇಕು. ನಾನು ಈಗ ಕೂತಿರುವುದು ಆ ಲೆಕ್ಕದ ಮುಂದೆಯೇ.