ರೇಡಾನ್ ಜೊತೆ ಮೀಥೇನ್: ನಾಲೆ ಬಯಲಿನ ರಾತ್ರಿ ಲೆಕ್ಕ ಎಲ್ಲಿಗೆ ಬಂತು

ಮಂಡ್ಯದ ಕಡೆ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಚದರ ಮೀಟರಿಗೆ ವರ್ಷಕ್ಕೆ ಎಷ್ಟು ಗ್ರಾಂ ಮೀಥೇನ್ ಗಾಳಿಗೆ ಸೇರುತ್ತದೆ? ಗದ್ದೆ, ಕೊಟ್ಟಿಗೆ, ತಿಪ್ಪೆ, ಚರಂಡಿ ಎಂದು ಒಂದೊಂದನ್ನೂ ಎಣಿಸಿ ಕೂಡಿಸುವುದು ಒಂದು ದಾರಿ. ಈ ಪ್ರಾಜೆಕ್ಟು ಹಿಡಿದಿರುವುದು ಇನ್ನೊಂದನ್ನು. ಸಂಜೆ ನೆಲ ತಣ್ಣಗಾದಂತೆ ಅದರ ಮೇಲೆ ಬೆಚ್ಚನೆ ಗಾಳಿ ಮುಚ್ಚಳದ ಹಾಗೆ ಕೂರುತ್ತದೆ. ನೆಲದಿಂದ ಹೊರಟಿದ್ದೆಲ್ಲ ಬೆಳಗಿನವರೆಗೆ ಅದರಡಿಯಲ್ಲೇ ಉಳಿಯುತ್ತದೆ. ಮುಚ್ಚಳ ಎಷ್ಟು ಎತ್ತರದಲ್ಲಿದೆ ಎಂಬುದು ಗೊತ್ತಾಗದಿದ್ದರೂ ಪರವಾಗಿಲ್ಲ, ಯಾಕೆಂದರೆ ಅದೇ ಮುಚ್ಚಳದಡಿಗೆ ಮಣ್ಣಿನಿಂದ ರೇಡಾನ್-222 (ಮಣ್ಣಿನ ರೇಡಿಯಂನಿಂದ ಹುಟ್ಟುವ ವಿಕಿರಣಶೀಲ ಅನಿಲ) ಕೂಡ ಬರುತ್ತಿರುತ್ತದೆ. ಎರಡೂ ಒಟ್ಟಿಗೆ ಏರಿದರೆ, ಏರಿಕೆಗಳ ಅನುಪಾತವನ್ನು ಮಣ್ಣಿನ ರೇಡಾನ್ ಹರಿವಿನಿಂದ ಗುಣಿಸಿದರೆ ಮೀಥೇನ್ ಹರಿವು ಸಿಗುತ್ತದೆ. ಸೂತ್ರ ಇಷ್ಟೇ. ತಲೆನೋವೆಲ್ಲ ಆ "ಮಣ್ಣಿನ ರೇಡಾನ್ ಹರಿವು" ಎಂಬ ಒಂದು ಅಂಕಿಯಲ್ಲಿದೆ. ಹಾಗಾಗಿ ಕೆಲಸ ಶುರುವಾಗಿದ್ದೂ ಅಲ್ಲಿಂದಲೇ.

ಬಕೆಟ್

ಪುಸ್ತಕದ ಸರಾಸರಿ ಅಂಕಿ ಒಂದಿದೆ: ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಒಂದು ಪರಮಾಣು, ಅಂದರೆ ಚದರ ಮೀಟರಿಗೆ ಸೆಕೆಂಡಿಗೆ ಸುಮಾರು 21 ಮಿಲಿಬೆಕ್ವೆರೆಲ್ (ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸಿದರೆ ಅದು ಒಂದು ಬೆಕ್ವೆರೆಲ್). ಅದನ್ನೇ ಹಾಕಿ ಮುಂದೆ ಹೋಗಬೇಡಿ. ಮಣ್ಣಿನ ರೇಡಿಯಂ, ಕಣದ ಗಾತ್ರ, ಎಲ್ಲಕ್ಕಿಂತ ಹೆಚ್ಚಾಗಿ ತೇವ, ಇವುಗಳ ಮೇಲೆ ಈ ಅಂಕಿ ಎರಡು ಮೂರು ಪಟ್ಟು ಸುಲಭವಾಗಿ ಆಚೀಚೆ ಆಗುತ್ತದೆ.

ಇಲ್ಲಿಯ ಮಣ್ಣಿನದನ್ನೇ ಅಳೆಯಲು ಬೇಕಾದ್ದು 20 ಲೀಟರಿನ ಖಾಲಿ ಪೇಂಟ್ ಬಕೆಟ್ಟು, ಒಳಗೆ ಮನೆಗಳಲ್ಲಿ ಇಡುವ ಅಯಾನೀಕರಣ ಕೋಣೆಯ (ವಿಕಿರಣ ಗಾಳಿಯಲ್ಲಿ ಎಬ್ಬಿಸುವ ವಿದ್ಯುತ್ ಮಿಡಿತಗಳನ್ನು ಎಣಿಸುವ ಡಬ್ಬಿಯ) ರೇಡಾನ್ ಮೀಟರು. ಬಕೆಟ್ಟನ್ನು ಬೋರಲು ಹಾಕಿ 3 ಸೆಂಟಿಮೀಟರ್ ಮಣ್ಣಿಗೆ ಒತ್ತಿ, ಅಂಚಿಗೆ ಸುತ್ತಲೂ ಕೆಸರು ಮೆತ್ತಬೇಕು. ಬಾಯಿಯ ವ್ಯಾಸ 30 ಸೆಂಟಿಮೀಟರ್ ಇದ್ದರೆ ವಿಸ್ತೀರ್ಣ 0.07 ಚದರ ಮೀಟರ್. ಮಣ್ಣಿಗಿಳಿದ ಭಾಗ, ಮೀಟರಿನ ಗಾತ್ರ ಎರಡನ್ನೂ ಕಳೆದರೆ ಉಳಿಯುವುದು ಸುಮಾರು 17 ಲೀಟರ್. ಘನಅಳತೆಯನ್ನು ವಿಸ್ತೀರ್ಣದಿಂದ ಭಾಗಿಸಿದರೆ 0.24 ಮೀಟರ್. ಈಗ ಒಳಗಿನ ರೇಡಾನ್ ಗಂಟೆಗೆ ಘನ ಮೀಟರಿಗೆ 225 ಬೆಕ್ವೆರೆಲ್‌ನಂತೆ ಏರುತ್ತಿದೆ ಎಂದುಕೊಳ್ಳಿ: 225 ÷ 3600 × 0.24 = 0.015, ಅಂದರೆ 15 ಮಿಲಿಬೆಕ್ವೆರೆಲ್.

ಇಲ್ಲಿ ಎಡವುವುದು ಮೂರು ಕಡೆ. ಇಂಥ ಮೀಟರುಗಳು ತೋರಿಸುವುದು ಹಿಂದಿನ ಒಂದು ಗಂಟೆಯ ಚಲಿಸುವ ಸರಾಸರಿ. ಹಾಗಾಗಿ ಮೊದಲ ಗಂಟೆಯ ಇಳಿಜಾರು (ಏರುವ ಗೆರೆಯ ಓರೆ) ಸುಳ್ಳು, ಅದನ್ನು ಬಿಡಬೇಕು. ಮೂರು ಗಂಟೆ ದಾಟಿದ ಮೇಲೆ ಸೋರಿಕೆಯೂ ಮಣ್ಣಿಗೇ ವಾಪಸ್ ಹೋಗುವುದೂ ಹೆಚ್ಚಾಗಿ ಗೆರೆ ಬಾಗುತ್ತದೆ, ಅದನ್ನೂ ಬಿಡಬೇಕು. ಉಳಿಯುವುದು ನಡುವಿನ ಎರಡು ಗಂಟೆ. ಮೂರನೆಯದು ಬಿಸಿಲು. ಬಕೆಟ್ಟು ಕಾದರೆ ಒಳಗಿನ ಗಾಳಿ ಹಿಗ್ಗಿ ಅಂಚಿನಲ್ಲಿ ನುಸುಳುತ್ತದೆ. ಹೊತ್ತು ಮುಳುಗಿದ ಮೇಲೆ ಅಳೆದರೆ ಈ ರಗಳೆ ಇಲ್ಲ. ಮಣ್ಣಿನಿಂದಲೇ ಬರುವ ರೇಡಾನಿನ ಇನ್ನೊಂದು ರೂಪ ಥೋರಾನ್ (ರೇಡಾನ್-220) ಬಗ್ಗೆ ಇಲ್ಲಿ ಅಷ್ಟು ಚಿಂತೆ ಬೇಡ. ಅದು ಹತ್ತು ನಿಮಿಷದೊಳಗೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ, ಇಳಿಜಾರನ್ನು ಹೆಚ್ಚು ಕೆಡಿಸುವುದಿಲ್ಲ.

ಹೋಸ್ ಪೈಪು

ಹೊರಗಾಳಿಯಲ್ಲಿ ಅಳೆಯುವಾಗ ಮಾತ್ರ ಥೋರಾನ್ ಬೇರೆಯೇ ಕಥೆ. ಅದರ ಅರ್ಧಾಯುಷ್ಯ 55.6 ಸೆಕೆಂಡ್, ರೇಡಾನ್-222ರದು 3.82 ದಿನ. ಗಾಳಿಯನ್ನು ಐದು ನಿಮಿಷ ತಡೆದಿಟ್ಟು ಮೀಟರಿಗೆ ಬಿಟ್ಟರೆ ಥೋರಾನ್ ಶೇ. 2.4ಕ್ಕೆ ಇಳಿಯುತ್ತದೆ, ರೇಡಾನ್ ಹಾಗೇ ಇರುತ್ತದೆ. ಮೊದಲು ಇದಕ್ಕೆ 15 ಲೀಟರಿನ ಡ್ರಮ್ಮು ಇಟ್ಟಿದ್ದೆವು. ಡ್ರಮ್ಮಿನಲ್ಲಿ ಒಳಬಂದ ಗಾಳಿಯ ಒಂದು ಪಾಲು ಸೀದಾ ಹೊರದಾರಿ ಹಿಡಿಯುತ್ತದೆ, ಐದು ನಿಮಿಷ ಎಂಬುದು ಸರಾಸರಿ ಮಾತ್ರ. ಈಗ ಅದರ ಜಾಗದಲ್ಲಿ ಒಂದಿಂಚಿನ ತೋಟದ ಹೋಸ್ ಪೈಪಿದೆ. ಒಂದು ಮೀಟರ್ ಉದ್ದಕ್ಕೆ ಅರ್ಧ ಲೀಟರ್ ಹಿಡಿಯುತ್ತದೆ, 30 ಮೀಟರಿನ ಒಂದು ಸುರುಳಿಗೆ 15 ಲೀಟರ್. ನಿಮಿಷಕ್ಕೆ 3 ಲೀಟರ್ ಹರಿಸಿದರೆ ಸರಿಯಾಗಿ ಐದು ನಿಮಿಷ, ಗಾಳಿಯೂ ಸಾಲಿನಲ್ಲಿ ನಿಂತವರ ಹಾಗೆ ಒಂದರ ಹಿಂದೆ ಒಂದು ಬರುತ್ತದೆ.

ಪಂಪು ಮೀನಿನ ತೊಟ್ಟಿಯದು. ಅದು ಗಾಳಿ ಎಳೆಯುವುದು ತನ್ನದೇ ಡಬ್ಬಿಯ ತಳದ ತೂತುಗಳಿಂದ. ಒಳದಾರಿಗೆ ಪೈಪು ಸಿಕ್ಕಿಸುವ ಜಾಗವೇ ಇಲ್ಲ. ಅದನ್ನು ಮನೆಯೊಳಗಿಟ್ಟರೆ ಅಳೆಯುವುದು ಮನೆಯ ರೇಡಾನನ್ನು. ಆದ್ದರಿಂದ ಪಂಪನ್ನೇ ಕಂಬದ ತುದಿಗೆ ಏರಿಸಿ, ಮಳೆ ಬೀಳದ ಹಾಗೆ ಮೇಲೆ ತಗಡಿನ ಡಬ್ಬ ಬೋರಲು ಹಾಕಿದ್ದಾಯಿತು. ಇದರಿಂದ ಇನ್ನೊಂದು ಅನುಕೂಲ: ಪಂಪಿನಿಂದ ಮುಂದೆ ಎಲ್ಲ ಕಡೆ ಒತ್ತಡ ಸ್ವಲ್ಪ ಹೆಚ್ಚಿರುವುದರಿಂದ ಕೀಲು ಸೋರಿದರೂ ಸೋರುವುದು ಹೊರಕ್ಕೆ.

ಕಂಬ ಎಲ್ಲಿ? ಊರಿನ ಓವರ್‌ಹೆಡ್ ಟ್ಯಾಂಕು ಎತ್ತರವಾಗಿದೆ, ಮೆಟ್ಟಿಲೂ ಇದೆ, ಎಲ್ಲರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಅಲ್ಲಿ ಬೇಡ. ಗ್ರಾನೈಟ್, ನೈಸ್ ಬಂಡೆಯ ಸೀಮೆಯಲ್ಲಿ ಬೋರ್‌ವೆಲ್ ನೀರಿನಲ್ಲಿ ರೇಡಾನ್ ಕರಗಿ ಬರುತ್ತದೆ, ಟ್ಯಾಂಕಿಗೆ ಬೀಳುವಾಗ ಗಾಳಿಗೆ ಬಿಡುತ್ತದೆ. ತಾರಸಿಯ ಮೇಲಿನ ಮನೆ ಟ್ಯಾಂಕೂ ಇದಕ್ಕೆ ಹೊರತಲ್ಲ. ಬೆಳಿಗ್ಗೆ ಮೋಟಾರ್ ಹಾಕಿದ ಹೊತ್ತಿಗೆ ರೇಡಾನ್ ಮೇಲೆದ್ದು ಮೀಥೇನ್ ಏಳದಿದ್ದರೆ ಕಾರಣ ಮಣ್ಣಲ್ಲ, ಟ್ಯಾಂಕು. ಕಂಬ ಈಗ ತಾರಸಿಯ ಇನ್ನೊಂದು ಮೂಲೆಯಲ್ಲಿದೆ, ನೆಲದಿಂದ 9 ಮೀಟರ್.

ಮೀಟರುಗಳು ಮೂರು, ಒಂದೇ ಪೆಟ್ಟಿಗೆಯಲ್ಲಿ. ಕಾರಣ ಬರೀ ಎಣಿಕೆ. ಒಂದು ಮೀಟರಿಗೆ ಘನ ಮೀಟರಿಗೆ 37 ಬೆಕ್ವೆರೆಲ್ ಇದ್ದಾಗ ನಿಮಿಷಕ್ಕೆ ಅರ್ಧ ಎಣಿಕೆ. ಹೊರಗಾಳಿಯಲ್ಲಿ 20 ಇದ್ದರೆ ಗಂಟೆಗೆ 16, ಅದರ ಮೇಲೆ ಶೇ. 25ರ ಅನಿಶ್ಚಿತತೆ. ಮೂರನ್ನೂ ಸೇರಿಸಿ ಎರಡು ಗಂಟೆ ಕೂಡಿಸಿದರೆ 97 ಎಣಿಕೆ, ಶೇ. 10. ಪರದೆ ತೋರಿಸುವ ದುಂಡಗಿನ ಅಂಕಿ ಇಲ್ಲಿ ಕೆಲಸಕ್ಕೆ ಬಾರದು, ಮೂಲ ಎಣಿಕೆಯನ್ನೇ ಇಳಿಸಿಕೊಳ್ಳಬೇಕು. ಬೆಳಗಿನ ಜಾವ ಇಬ್ಬನಿ ಮೀಟರಿನ ಅಯಾನೀಕರಣ ಕೋಣೆಯೊಳಗೆ ಇಳಿದರೆ ಎಣಿಕೆ ಹುಚ್ಚಾಪಟ್ಟೆ ಹಾರುತ್ತದೆ. ಪೆಟ್ಟಿಗೆಯಲ್ಲಿ ಒಂದು ಹಳೆಯ ಝೀರೋ ಬಲ್ಬ್ ಉರಿಸಿದರೆ ಸಾಕು. ಹೆಸರಿಗೆ ಝೀರೋ, ಹತ್ತು ವಾಟಿಗೂ ಮೀರಿ ಕಾವು ಕೊಡುತ್ತದೆ. ಎಲ್‌ಇಡಿ ಹಾಕಿದರೆ ಪ್ರಯೋಜನವಿಲ್ಲ.

ಮೀಥೇನ್: ಸೆನ್ಸರ್ ಬಿಟ್ಟು ಸಿರಿಂಜು

ಅಗ್ಗದ ಲೋಹ-ಆಕ್ಸೈಡ್ ಸೆನ್ಸರುಗಳಿಂದ ಶುರು ಮಾಡಿದವರಿಗೆ ಒಂದು ಎಚ್ಚರಿಕೆ. ಅವು ತೇವಕ್ಕೂ ತಾಪಕ್ಕೂ ಮೀಥೇನಿನಷ್ಟೇ ಸ್ಪಂದಿಸುತ್ತವೆ. ರಾತ್ರಿ ರೇಡಾನ್ ಏರುವ ಹೊತ್ತಿಗೇ ಗಾಳಿಯ ತೇವವೂ ಏರುತ್ತದೆ. ಹಾಗಾಗಿ ಮೀಥೇನ್ ಒಂದಿಷ್ಟೂ ಏರದ ರಾತ್ರಿಯಲ್ಲೂ ಸೆನ್ಸರಿನ ಗೆರೆ ರೇಡಾನ್ ಜೊತೆ ಚೆಂದವಾಗಿ ಹೊಂದಿಕೊಂಡು ಕೂರುತ್ತದೆ. ಆ ಚೆಂದವನ್ನು ನಂಬಬಾರದು.

ಸದ್ಯದ ಕ್ರಮ ಹೀಗೆ: ರಾತ್ರಿ 8, 10, 12, 2, 4 ಮತ್ತು 6 ಗಂಟೆಗೆ ಅದೇ ಹೋಸಿನ ಕವಲಿನಿಂದ ಮೂರು ದಾರಿಯ ಕೀಲಿ ಇರುವ 60 ಮಿಲಿಲೀಟರ್ ಸಿರಿಂಜಿಗೆ ಗಾಳಿ ಎಳೆಯುವುದು. ಎರಡು ಸಲ ತೊಳೆದು ಚೆಲ್ಲಿ, ಮೂರನೆಯದನ್ನು ನಿರ್ವಾತ ಮಾಡಿದ 12 ಮಿಲಿಲೀಟರ್ ಸೀಸೆಗೆ 20 ಮಿಲಿಲೀಟರ್ ಒತ್ತಿ ತುಂಬುವುದು. ಒತ್ತಡ ಹೆಚ್ಚಿದ್ದರೆ ರಬ್ಬರ್ ಮುಚ್ಚಳ ಸ್ವಲ್ಪ ಸೋರಿದರೂ ಹೊರಗಿನದು ಒಳಗೆ ಬರುವುದಿಲ್ಲ. ಜ್ವಾಲೆ ಶೋಧಕದ ಗ್ಯಾಸ್ ಕ್ರೊಮಟೋಗ್ರಾಫ್ (ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಇರುವ ಮಣ್ಣು ಪ್ರಯೋಗಾಲಯದಲ್ಲಿ ಇದು ದಿನನಿತ್ಯದ ಕೆಲಸ. ಪ್ರತಿ ಕಂತಿನಲ್ಲೂ ಪ್ರಮಾಣ ಗೊತ್ತಿರುವ ಸಿಲಿಂಡರಿನಿಂದ ತುಂಬಿದ ಎರಡು ಸೀಸೆ ಜೊತೆಗೆ ಹೋಗಬೇಕು, ಎರಡು ವಾರದೊಳಗೆ ಅಳತೆ ಮುಗಿಯಬೇಕು. 20ರಿಂದ 30 ಪಿಪಿಬಿ (ನೂರು ಕೋಟಿಯಲ್ಲಿ ಒಂದು ಪಾಲು ಒಂದು ಪಿಪಿಬಿ) ನಿಖರತೆ ಸಿಕ್ಕರೆ ಇಲ್ಲಿಗೆ ಧಾರಾಳ.

ಲೆಕ್ಕ

ದುಂಡು ಅಂಕಿಯಲ್ಲಿ ಒಂದು ರಾತ್ರಿ: ರೇಡಾನ್ 8ರಿಂದ 28ಕ್ಕೆ, ಅಂದರೆ 20 ಬೆಕ್ವೆರೆಲ್ ಏರಿತು. ಮೀಥೇನ್ 400 ಪಿಪಿಬಿ ಏರಿತು. ಪಿಪಿಬಿಯನ್ನು ತೂಕಕ್ಕೆ ತರಲು ಸ್ಥಳದ ಒತ್ತಡ ಬೇಕು. ಸಮುದ್ರಮಟ್ಟದ 1013 ಹಾಕಿಬಿಟ್ಟರೆ ಉತ್ತರ ಶೇ. 8ರಷ್ಟು ಉಬ್ಬುತ್ತದೆ, ಇಲ್ಲಿಯ ಎತ್ತರಕ್ಕೆ ಸುಮಾರು 935 ಹೆಕ್ಟೊಪಾಸ್ಕಲ್ ಸರಿ. 22 ಡಿಗ್ರಿಯಲ್ಲಿ ಘನ ಮೀಟರಿಗೆ 38.1 ಮೋಲ್ ಗಾಳಿ. 400 ಪಿಪಿಬಿ ಅಂದರೆ 244 ಮೈಕ್ರೊಗ್ರಾಂ ಮೀಥೇನ್. ಬೆಕ್ವೆರೆಲಿಗೆ 12.2 ಮೈಕ್ರೊಗ್ರಾಂ. ಅದನ್ನು 0.015ರಿಂದ ಗುಣಿಸಿದರೆ ಸೆಕೆಂಡಿಗೆ 0.183 ಮೈಕ್ರೊಗ್ರಾಂ. ವರ್ಷವಿಡೀ ಹಾಗೇ ಇದ್ದರೆ ಚದರ ಮೀಟರಿಗೆ 5.8 ಗ್ರಾಂ. ರೇಡಾನ್ ಗಂಟೆಗೆ ಶೇ. 0.75ರಂತೆ ಕ್ಷಯಿಸುವುದರಿಂದ ಉತ್ತರವನ್ನು ಮೂರು ನಾಲ್ಕು ಶೇಕಡ ಇಳಿಸಬೇಕು. ಉಳಿದ ತಪ್ಪುಗಳ ಮುಂದೆ ಇದು ಲೆಕ್ಕಕ್ಕಿಲ್ಲ.

ಅನುಪಾತಕ್ಕಾಗಿ ರೇಡಾನನ್ನು ಅಡ್ಡಕ್ಕೂ ಮೀಥೇನನ್ನು ಉದ್ದಕ್ಕೂ ಹಾಕಿ ರಾತ್ರಿಯ ಬಿಂದುಗಳ ನಡುವೆ ಗೆರೆ ಎಳೆಯುವಾಗ ಸಾಮಾನ್ಯ ಕನಿಷ್ಠ ವರ್ಗ ವಿಧಾನ ಬೇಡ. ಅದು ಅಡ್ಡ ಅಕ್ಷದಲ್ಲಿ ತಪ್ಪೇ ಇಲ್ಲ ಎಂದುಕೊಳ್ಳುತ್ತದೆ, ನಮ್ಮಲ್ಲಿ ಗದ್ದಲವಿರುವುದೇ ಅಡ್ಡ ಅಕ್ಷದ ರೇಡಾನಿನಲ್ಲಿ. ರೇಡಾನಿನ ನಿಜವಾದ ಹರಹು 6, ಎಣಿಕೆಯ ತಪ್ಪು 2 ಇದ್ದರೆ ಇಳಿಜಾರು ಶೇ. 10 ಕಡಿಮೆ ಬರುತ್ತದೆ. ಎರಡೂ ಅಕ್ಷದ ತಪ್ಪು ಪರಿಗಣಿಸುವ ಡೆಮಿಂಗ್ ಅಥವಾ ಯಾರ್ಕ್ ವಿಧಾನ ಸರಿ. ಹೊಂದಿಕೆ ಕೆಟ್ಟ ರಾತ್ರಿಗಳನ್ನು ಕೈಬಿಡಲು ಒಂದು ಮಿತಿ ಇಟ್ಟುಕೊಳ್ಳುವುದು ವಾಡಿಕೆ. ಆ ಮಿತಿಯನ್ನು ಅಂಕಿ ನೋಡುವ ಮೊದಲೇ ಬರೆದಿಡಿ, ಯಾಕೆಂದರೆ ಮಿತಿ ಬದಲಾದರೆ ಉತ್ತರವೂ ಬದಲಾಗುತ್ತದೆ. ಗಾಳಿ ಬೀಸುವ ಮುಂಗಾರಿನ ರಾತ್ರಿಗಳು ಹೇಗೂ ಉದುರುತ್ತವೆ. ಡಿಸೆಂಬರಿನಿಂದ ಮಾರ್ಚ್ ಒಳ್ಳೆಯ ಕಾಲ. ಮೀಥೇನ್ ಒಂದೇ ಹಾರಿ ರೇಡಾನ್ ಸುಮ್ಮನಿದ್ದರೆ ಹತ್ತಿರದ ಕೊಟ್ಟಿಗೆ, ಗೋಬರ್ ಗ್ಯಾಸಿನ ಸೋರಿಕೆ ಅಥವಾ ಆಲೆಮನೆಯ ಹೊಗೆ ಇರಬೇಕು. ಕಾರ್ಬನ್ ಮಾನಾಕ್ಸೈಡ್ ಕೂಡ ಅಳೆದಿದ್ದರೆ ಹೊಗೆಯನ್ನು ಬೇರ್ಪಡಿಸಬಹುದು.

ಈ ವಿಧಾನ ಪಳಗಿದ್ದು ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ. ಅಲ್ಲಿ ನೆಲದಿಂದ ಸುಮಾರು 30 ಮೀಟರ್ ಎತ್ತರದಲ್ಲಿ ಗಾಳಿ ಎಳೆಯುತ್ತಾರೆ. 1996ರಿಂದ 2020ರವರೆಗಿನ ರಾತ್ರಿಗಳನ್ನು ಹೀಗೇ ಲೆಕ್ಕ ಹಾಕಿದಾಗ 2004ರವರೆಗೆ ಮೀಥೇನ್ ಶೇ. 30 ಇಳಿದದ್ದು, ಆಮೇಲೆ ಹೆಚ್ಚುಕಡಿಮೆ ಹಾಗೇ ನಿಂತದ್ದು ಕಂಡಿತು. ಏರಿಳಿತದ ದಿಕ್ಕು ಹೇಳುವುದರಲ್ಲಿ ವಿಧಾನ ಗಟ್ಟಿ. ಆದರೆ ಒಟ್ಟು ಮೊತ್ತದ ವಿಷಯದಲ್ಲಿ, ಸಿದ್ಧ ನಕ್ಷೆಯ ರೇಡಾನ್ ಹರಿವನ್ನು ಸುಮ್ಮನೆ ಬಳಸಿದರೆ ಎರಡು ಪಟ್ಟಿನವರೆಗೆ ತಪ್ಪಬಹುದೆಂದು ಅವರೇ ತೋರಿಸಿದ್ದಾರೆ. ದೇಶದ ಮಟ್ಟದ ಮೊತ್ತಕ್ಕೆ ದಾರಿ ಬೇರೆ. 2010ರಿಂದ 2015ರ ಭಾರತದ ಮೀಥೇನ್ ವರ್ಷಕ್ಕೆ ಸುಮಾರು 2.2 ಕೋಟಿ ಟನ್ ಎಂದು 2017ರಲ್ಲಿ ಪ್ರಕಟವಾದ ಅಂದಾಜಿಗೆ ಡಾರ್ಜಿಲಿಂಗ್‌ನ ಅಳತೆ, ವಿಮಾನ, ಉಪಗ್ರಹ ಎಲ್ಲವನ್ನೂ ಮಾದರಿಯೊಳಗೆ ಸೇರಿಸಿದ್ದರು. ತಾರಸಿಯ ಕಂಬಕ್ಕೆ ಅಷ್ಟು ದೂರ ಕಾಣುವುದಿಲ್ಲ. ಸೆಕೆಂಡಿಗೆ ಒಂದು ಮೀಟರ್ ಗಾಳಿಯಾದರೆ ಎಂಟು ಗಂಟೆಗೆ 29 ಕಿಲೋಮೀಟರ್, ಅಷ್ಟೇ ಅದರ ಸರಹದ್ದು.

ಗದ್ದೆಯ ತೊಡಕು

ಹೈಡಲ್‌ಬರ್ಗ್‌ನಲ್ಲಿ ಇಲ್ಲದ ಒಂದು ತೊಡಕು ಇಲ್ಲಿದೆ. ಮೀಥೇನ್ ಹುಟ್ಟುವುದು ನೀರು ನಿಂತ ಗದ್ದೆಯಲ್ಲಿ. ಅದೇ ನೀರು ರೇಡಾನನ್ನು ತಡೆಯುತ್ತದೆ, ನೀರಿನಲ್ಲಿ ಅದು ಹರಡುವ ವೇಗ ಗಾಳಿಯಲ್ಲಿ ಹರಡುವುದರ ಹತ್ತು ಸಾವಿರದ ಒಂದು ಪಾಲು. ಅಂದರೆ ಒಂದರ ಮೂಲ ಗದ್ದೆ, ಇನ್ನೊಂದರ ಮೂಲ ಬದು, ರಸ್ತೆ, ಊರು, ಹೊಲ. ಎರಡೂ ಒಂದೇ ನೆಲದಿಂದ ಬರುತ್ತವೆ ಎಂಬ ನಂಬಿಕೆಯ ಬುಡವೇ ಅಲುಗಾಡುತ್ತದೆ. ಸುತ್ತಲಿನ ನೆಲದ ಶೇ. 40ರಲ್ಲಿ ನೀರು ನಿಂತಿದ್ದರೆ ಸರಾಸರಿ ರೇಡಾನ್ ಹರಿವು 15ರ ಬದಲು 9, ಉತ್ತರ 5.8ರ ಬದಲು 3.5 ಗ್ರಾಂ. ನೀರು ಇಂಗಿ ನೆಲ ಬಿರುಕು ಬಿಟ್ಟರೆ ಇನ್ನೊಂದು ತುದಿ. ಬಿರುಕಿನ ಮೇಲಿಟ್ಟ ಬಕೆಟ್ಟಿಗೂ ಪಕ್ಕದ ಹೆಂಟೆಯ ಮೇಲಿಟ್ಟದ್ದಕ್ಕೂ ತಾಳೆಯೇ ಆಗುವುದಿಲ್ಲ. ಇಂಥಲ್ಲಿ ಒಂದೇ ಜಾಗದ ಅಳತೆ ಬೇಡ, ಕನಿಷ್ಠ ಆರು ಜಾಗ ಬೇಕು.

ಆದ್ದರಿಂದ ಸದ್ಯಕ್ಕೆ ಗ್ರಾಂ ಲೆಕ್ಕದ ಅಂತಿಮ ಅಂಕಿ ಹಾಕುತ್ತಿಲ್ಲ. ನಾಲೆಗೆ ಕಟ್ಟು ಪದ್ಧತಿಯಲ್ಲಿ (ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುವ ಸರದಿಯಲ್ಲಿ) ನೀರು ಬಿಡುವಾಗ ನೀರು ಬರುವ ಮುಂಚಿನ ನಾಲ್ಕು ರಾತ್ರಿ, ಗದ್ದೆ ತುಂಬಿದ ಮೇಲಿನ ನಾಲ್ಕು ರಾತ್ರಿ ಸೀಸೆ ತುಂಬುವುದು ಮುಂದಿನ ಕೆಲಸ. ಆ ಎಂಟೂ ರಾತ್ರಿ ಬಕೆಟ್ಟು ಬದುವಿನ ಮೇಲೆ ಎರಡು, ಗದ್ದೆಯೊಳಗೆ ಎರಡು, ಹೊಲದಲ್ಲಿ ಎರಡು ಇರುತ್ತವೆ. ಗದ್ದೆಯೊಳಗಿನವಕ್ಕೆ ಮೀಟರ್ ಮುಳುಗದಂತೆ ಒಳಗೊಂದು ಮುಕ್ಕಾಲಿ ಬೇಕು. ತೆಂಗಿನ ಚಿಪ್ಪು ಬೋರಲು ಇಟ್ಟು ನೋಡಿದ್ದಾಯಿತು, ಕೆಸರಿನಲ್ಲಿ ವಾಲುತ್ತದೆ. ಮೂರು ಪಿವಿಸಿ ತುಂಡಿನ ಮೇಲೆ ಇಟ್ಟದ್ದು ನಿಂತಿದೆ.