ಗುಡ್ಡ ಏರಿದಷ್ಟೂ ವರ್ಣತಂತು ಏರುವುದಿಲ್ಲ

ಎರಿ (ಕಪ್ಪು ಮಣ್ಣಿನ) ಹೊಲದ ಜಯಧರ ಹತ್ತಿಯ ಕೋಶದಲ್ಲಿ 26 ವರ್ಣತಂತುಗಳು (ಕ್ರೋಮೊಸೋಮ್). ಧಾರವಾಡದಲ್ಲೇ ಹುಟ್ಟಿದ ಮಿಶ್ರತಳಿ ಹತ್ತಿ ಡಿಸಿಎಚ್-32, ಅಂದರೆ ಜಯಲಕ್ಷ್ಮಿಯಲ್ಲಿ 52. ಜಯಲಕ್ಷ್ಮಿಯ ತಾಯಿ-ತಂದೆ ಗಿಡಗಳು ಬೇರೆ ಬೇರೆ ಪ್ರಭೇದದವು, ಆದರೆ ಎರಡರದ್ದೂ 52 ಆದ್ದರಿಂದ ಲೆಕ್ಕ ಕೂಡಿತು. ಜಯಧರಕ್ಕೆ 52ರ ಹತ್ತಿ ಕೂಡಿಸಿದರೆ ಎರಡರ ಅರ್ಧರ್ಧ, 13 ಮತ್ತು 26 ಸೇರಿ, ಬರುವುದು 39. ಪರಾಗ ಕಟ್ಟುವಾಗ ವರ್ಣತಂತುಗಳಿಗೆ ಸರಿಯಾದ ಜೋಡಿ ಸಿಗದೆ ಅಡ್ಡಾದಿಡ್ಡಿ ಹಂಚಿಹೋಗುತ್ತವೆ. ಗಿಡ ನಿಂತರೂ ಬೀಜ ಕಟ್ಟುವುದಿಲ್ಲ.

ಬೆಟ್ಟದ ಗಿಡಗಳ ಕಥೆಯೂ ಇದೇ. ವರ್ಣತಂತು ದುಪ್ಪಟ್ಟಾದ ಒಂಟಿ ಗಿಡ ಹಳೆಯ ಬಳಗದ ನಡುವೆ ನಿಂತರೆ ಅದಕ್ಕೆ ಬಂದು ಬೀಳುವುದೆಲ್ಲ ಹೊಂದದ ಪರಾಗ, ಹೆಚ್ಚಿನ ಬೀಜ ಪೊಳ್ಳು. ಬಳಗವಿಲ್ಲದ ಜಾಗ ಸಿಗಬೇಕು, ತನ್ನ ಪರಾಗದಿಂದಲೇ ಬೀಜ ಕಟ್ಟಬೇಕು, ಇಲ್ಲವೇ ಕುಡಿಯಿಂದ ಹಬ್ಬಬೇಕು.

ವರ್ಣತಂತು ಹೆಚ್ಚಿದ್ದ ಗಿಡವೇ ಎತ್ತರದ ಚಳಿ ತಡೆಯುತ್ತದೆ ಎಂಬ ಮಾತು ಪಾಠಗಳಲ್ಲಿ ಇನ್ನೂ ಓಡಾಡುತ್ತಿದೆ. ಪೂರ್ತಿ ಸುಳ್ಳಲ್ಲ. ಬಿಸ್ಕುಟೆಲ್ಲಾ ಎಂಬ ಯುರೋಪಿನ ಸಾಸಿವೆ ಜಾತಿಯ ಗಿಡವನ್ನು 1930ರ ದಶಕದಲ್ಲಿ ಬ್ರಿಟನ್ನಿನ ಸಸ್ಯವಿಜ್ಞಾನಿ ಐರೀನ್ ಮ್ಯಾಂಟನ್ ಎಣಿಸಿದಾಗ, ಹಿಮಯುಗದಲ್ಲಿ ಮಂಜು ಮುಚ್ಚಿದ್ದ ಆಲ್ಪ್ಸ್‌ನಲ್ಲಿ 36ರವು, ಮಂಜು ಮುಟ್ಟದ ತಗ್ಗಿನಲ್ಲಿ 18ರವು ಸಿಕ್ಕವು. ಆದರೆ ಅಮೆರಿಕದ ರಾಕಿ ಪರ್ವತಗಳ ಫೈರ್‌ವೀಡ್ ಎಂಬ ಹೂಗಿಡ ಇದಕ್ಕೆ ತದ್ವಿರುದ್ಧ: ಮೇಲೆ 36, ಕೆಳಗೆ 72. ಅದರ 72ರ ಗಿಡದಲ್ಲಿ ನೀರು ಸಾಗಿಸುವ ನಾಳ ಅಗಲ, ಬಾಡುವುದು ತಡ. ಆಸ್ಟ್ರೇಲಿಯಾದ ಥೆಮೆಡಾ ಹುಲ್ಲಿನಲ್ಲೂ ಕರಾವಳಿ, ಬೆಟ್ಟಗಳ ಕಡೆ 20, ಒಣ ಒಳನಾಡಿನಲ್ಲಿ 40. ಹಾಗಾಗಿ ಎತ್ತರಕ್ಕಿಂತ ಮೊದಲು ಕೇಳಬೇಕಾದದ್ದು ನೀರನ್ನು, ಆಮೇಲೆ ಆ ನೆಲದ ಹಳೆಯ ಇತಿಹಾಸವನ್ನು.

ಗದಗ ಕಡೆಯ ಕಪ್ಪತಗುಡ್ಡದಂಥ ಕುಳ್ಳ ಗುಡ್ಡದಲ್ಲಿ ಇದನ್ನು ನೋಡುವುದಾದರೆ ಕರಕಿ, ಅಂದರೆ ಗರಿಕೆ ಹುಲ್ಲು, ಒಳ್ಳೆಯ ಗಿಡ. ಕರಕಿಯಲ್ಲಿ 18ರದ್ದೂ ಇದೆ, 36ರದ್ದೂ ಇದೆ. 2019ರಿಂದ ಗುಡ್ಡ ವನ್ಯಧಾಮ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದು ಬೇರನ್ನೂ ಕೀಳುವಂತಿಲ್ಲ. ಬುಡದ ಎರಿ, ಏರಿನ ಮಸಾರಿ (ಕೆಂಪು ಮಣ್ಣು), ನೆತ್ತಿಯ ಕಲ್ಲುನೆಲ ಮೂರರಿಂದಲೂ ಮಾದರಿ ಬೇಕು. ಇಳಿಜಾರು ಯಾವ ದಿಕ್ಕಿಗಿದೆ ಎಂದೂ ಬರೆದಿಡಿ. ಎರಡು ಮಾದರಿಗಳ ನಡುವೆ 20 ಮೀಟರ್ ಆದರೂ ಬಿಡಿ. ಕರಕಿ ಕುಡಿಯೊಡೆದು ಹಬ್ಬುವ ಹುಲ್ಲು, ಹತ್ತಿರ ಹತ್ತಿರ ಕಿತ್ತರೆ ಒಂದೇ ಗಿಡವನ್ನು ಹತ್ತು ಸಲ ಎಣಿಸಿದಂತಾಗುತ್ತದೆ.

ಕುಡಿಗಳನ್ನು ಉಸುಕಿನ ಕುಂಡದಲ್ಲಿ ನೆಟ್ಟು ಹೊಸ ಬೇರು ಬರಿಸಿ. ಬೆಳಿಗ್ಗೆ 9ರಿಂದ 11ರೊಳಗೆ ಒಂದು ಸೆಂಟಿಮೀಟರ್ ತುದಿ ಕತ್ತರಿಸಿ, ಲೀಟರಿಗೆ 0.29 ಗ್ರಾಂ 8-ಹೈಡ್ರಾಕ್ಸಿಕ್ವಿನೋಲಿನ್ ಕರಗಿಸಿದ ನೀರಿನಲ್ಲಿ 3-4 ತಾಸು ಇಡಿ; ಒಡೆಯುತ್ತಿರುವ ಕೋಶಗಳನ್ನು ಇದು ಎಣಿಸಲು ಬರುವ ಹಂತದಲ್ಲಿ ತಡೆಯುತ್ತದೆ. ನೀರು 14ರಿಂದ 18 ಡಿಗ್ರಿ ಇರಬೇಕು. ಹುಬ್ಬಳ್ಳಿಯ ಏಪ್ರಿಲ್ ಸೆಕೆಯಲ್ಲಿ ಮೇಜಿನ ಮೇಲಿಟ್ಟರೆ ವರ್ಣತಂತುಗಳು ಮುದ್ದೆಗಟ್ಟುತ್ತವೆ. ಥರ್ಮಾಸಿನಲ್ಲಿ ಐಸ್ ಬೆರೆಸಿದ ನೀರು ತುಂಬಿ ಅದರೊಳಗೆ ಸೀಸೆ ಇಳಿಬಿಡಿ, ಥರ್ಮಾಮೀಟರ್ ನೋಡುತ್ತಿರಿ.

ಬಳಿಕ ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಅಸಿಟಿಕ್ ಆಮ್ಲದಲ್ಲಿ 24 ತಾಸು. ಈ ಮಿಶ್ರಣವನ್ನು ಅಂದೇ ಮಾಡಿಕೊಳ್ಳಬೇಕು, ಹಳೆಯದಾದರೆ ಎರಡೂ ಸೇರಿ ಎಸ್ಟರ್ ಆಗಿ ಕೆಲಸ ಕೆಡುತ್ತದೆ. ಮುಂದೆ 60 ಡಿಗ್ರಿಯ ಒಂದು ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 8-10 ನಿಮಿಷ. ಕಡಿಮೆಯಾದರೆ ಕೋಶಗಳು ಒಂದರ ಮೇಲೊಂದು ಕೂತೇ ಇರುತ್ತವೆ, ಹೆಚ್ಚಾದರೆ ತುದಿ ಹಿಸುಕಿಹೋಗಿ ಬಣ್ಣ ಹಿಡಿಯದು. ಶೇಕಡಾ 2ರ ಅಸಿಟೋ-ಆರ್ಸೀನ್ ಬಣ್ಣ ಹಾಕಿ ಅರ್ಧ ತಾಸು ಬಿಟ್ಟು, ಕೊನೆಯ ಒಂದು ಮಿಲಿಮೀಟರನ್ನಷ್ಟೇ ಗಾಜಿನ ಮೇಲಿಟ್ಟು, ಒತ್ತುಕಾಗದ ಮುಚ್ಚಿ ಹೆಬ್ಬೆರಳಿನಿಂದ ನೇರ ಒತ್ತಿ. ಮೇಲಿನ ಗಾಜು ಒಂದು ಕೂದಲಿನಷ್ಟು ಜಾರಿದರೂ ಕೋಶ ಒಡೆದು ಎರಡು-ಮೂರು ವರ್ಣತಂತು ಎಲ್ಲೋ ಹೋಗಿರುತ್ತವೆ. 34 ಎಂದು ಬರೆದಿಟ್ಟ ಲೆಕ್ಕ ಹೀಗೆ ಹಾಳಾದ 36 ಇರಬಹುದು. ಕರಕಿಯ ವರ್ಣತಂತು ಬಲು ಸಣ್ಣವು, 100ರ ಎಣ್ಣೆ ಲೆನ್ಸ್ ಇಲ್ಲದೆ ಆಗದು. ಗಿಡಕ್ಕೆ ಹತ್ತು ಕೋಶವಾದರೂ ಎಣಿಸಿ.

ಎಲೆಗೆ ನೇಲ್ ಪಾಲಿಶ್ ಹಚ್ಚಿ, ಒಣಗಿದ ಪೊರೆ ಎತ್ತಿ ಪತ್ರರಂಧ್ರ ಅಳೆಯುವ ಒಳದಾರಿಯೂ ಉಂಟು. ದುಪ್ಪಟ್ಟಾದ ಗಿಡದಲ್ಲಿ ಅವು ಸಾಮಾನ್ಯವಾಗಿ ದೊಡ್ಡವು. ಆದರೆ ನೆತ್ತಿಯ ಬಿಸಿಲಿಗೆ ಒಣಗಿದ ಎಲೆಯನ್ನೂ ಹಳ್ಳದ ದಂಡೆಯ ಎಲೆಯನ್ನೂ ನೇರ ಹೋಲಿಸಬೇಡಿ. ಎಲ್ಲವನ್ನೂ ಒಂದೇ ಮಣ್ಣು, ಒಂದೇ ನೀರಿನಲ್ಲಿ ಒಂದು ಹಂಗಾಮು ಬೆಳೆಸಿ ಆಮೇಲೆ ಅಳೆಯಿರಿ.

ನಡುವೆ 27 ಬಂದರೆ ಲೆಕ್ಕ ತಪ್ಪಿತೆಂದು ಸ್ಲೈಡ್ ಎಸೆಯಬೇಡಿ. ಅದು 18ಕ್ಕೂ 36ಕ್ಕೂ ಹುಟ್ಟಿದ್ದಿರಬಹುದು, ಹತ್ತಿಯ 39ರ ಅಣ್ಣತಮ್ಮ. ಇನ್ನೊಂದು ಬೇರಿನಲ್ಲೂ 27 ಬಂದರೆ ಆ ಜಾಗಕ್ಕೆ ಮರಳಿ ಹೋಗಿ, ಸುತ್ತಲಿನ ಕರಕಿಯನ್ನು ನಾಲ್ಕೂ ದಿಕ್ಕಿಗೆ ಎಣಿಸುತ್ತ ಬನ್ನಿ.